ಎಡಕ್ಕೆ ತಿರುಗದ ಗಾಡಿ

ಗಾಡಿ ಮತ್ತೆ ಗೋಡೆಗೇ ಹೋಗಿ ಗುದ್ದಿತು.

ನೆಲದ ಮೇಲೆ ಮಂಡಿಯೂರಿದ್ದ ಸಬ್ ಇನ್ಸ್‌ಪೆಕ್ಟರ್ ಕಲ್ಲೇಶಪ್ಪ ಹಲ್ಲು ಕಡಿದ. ಅಂಗೈಯಗಲದ ಆ ತಗಡಿನ ಗಾಡಿ ಗೋಡೆಗೆ ಮೂತಿ ಒತ್ತಿಕೊಂಡು, ಹಟ ಹಿಡಿದ ಕರುವಿನ ಹಾಗೆ, ಚಕ್ರ ತಿರುಗಿಸುತ್ತಲೇ ಇತ್ತು.

"ಬಾಗಿಲಿಗೆ ಹೋಗು ಅಂದ್ರೆ ಗೋಡೆಗೆ ಹೋಗ್ತದಲ್ಲ ಇದು!"

"ನೀವು ಬಾಗಿಲಿಗೆ ಹೋಗು ಅನ್ಲೇ ಇಲ್ಲ ಸಾರ್," ಎಂದಳು ಯಮುನ. "ಬಾಗಿಲು ನಿಮ್ಮ ಮನಸ್ಸಿನಲ್ಲಿತ್ತು. ನೀವು ಅದರ ಬೆನ್ನ ಮೇಲಿನ ಉರುಳೆಗೆ ಹೇಳಿದ್ದು ಮುಂದೆ ಹೋಗು, ಬಲಕ್ಕೆ ತಿರುಗು, ಮುಂದೆ ಹೋಗು ಅಂತ. ಎರಡು ತೂತು ಮೊದಲೇ ತಿರುಗಿಸಿಬಿಟ್ರಿ. ಅದಕ್ಕೆ ಬಾಗಿಲೂ ಗೊತ್ತಿಲ್ಲ, ಗೋಡೆಯೂ ಗೊತ್ತಿಲ್ಲ. ಹೇಳಿದ್ದು ಮಾತ್ರ ಗೊತ್ತು."

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಟ್ಟಪ್ಪ ವೀಳ್ಯದೆಲೆ ಮಡಿಸುತ್ತ ನಕ್ಕ. "ಪೊಲೀಸಿನವರಿಗೆ ಒಳ್ಳೇ ಪೇದೆ ಆಗ್ತದೆ ಬುಡಿ ಇದು. ಯಾಕೆ, ಏನು ಅಂತ ಕೇಳುದೇ ಇಲ್ಲೆ."

ಕಲ್ಲೇಶಪ್ಪ ಎದ್ದು ಕಿಟಕಿಗೆ ಹೋದ. ಅಲ್ಲಿಂದ ಮೇಜಿಗೆ ಬಂದ. ಮತ್ತೆ ಕಿಟಕಿಗೆ ಹೋದ. ಬೆಳಿಗ್ಗೆಯಿಂದ ಅವನ ಕಾಲು ಒಂದು ಕಡೆ ನಿಂತಿರಲಿಲ್ಲ. ಸಂಜೆಯೊಳಗೆ ಮಡಿಕೇರಿಯಿಂದ ಸರ್ಕಲ್ ಇನ್ಸ್‌ಪೆಕ್ಟರರ ಜೀಪು ಬರುತ್ತದೆ. ಬಂದದ್ದು ಖಾಲಿ ಹೋಗುವುದಿಲ್ಲ. ಈಗ ತನಗೆ ಪಾಠ ಹೇಳುತ್ತಿರುವ ಈ ಹುಡುಗಿಯನ್ನು, ಸೋಮಯ್ಯನವರ ಕೊಲೆಗಾರ್ತಿ ಎಂದು ತಾನೇ ಕೈ ಹಿಡಿದು ಹತ್ತಿಸಬೇಕು.

ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ, ಇದೇ ಕೋಣೆಯಲ್ಲಿ, ಒಳಗಿನಿಂದ ಅಗುಳಿ ಹಾಕಿಕೊಂಡು ಕೂತಿದ್ದ ಕುಂದಮೊಟ್ಟೆ ಎಸ್ಟೇಟಿನ ಮಾಲೀಕ ಸೋಮಯ್ಯನವರ ಎದೆಗೆ ಗುಂಡು ಬಿದ್ದಿತ್ತು. ಗುಂಡು ಹಾರಿಸಿದ್ದು ಮನುಷ್ಯನ ಕೈಯಲ್ಲ. ಇಂಥದೇ ಒಂದು ಗಾಡಿ.

ಅದು ಹೇಗೆ ಹಾರಿಸಿತು ಎನ್ನುವುದು ಅಗುಳಿ ಮುರಿದು ಒಳಗೆ ಬಂದ ದಿನವೇ ಕಣ್ಣಿಗೆ ಕಂಡಿತ್ತು. ಪುಸ್ತಕದ ಬೀರುವಿನ ಹಿಂದೆ ಕುರ್ಚಿಯ ಕಡೆ ಮೂತಿ ಮಾಡಿ ಬಿಗಿದಿದ್ದ ಕೋವಿ. ಬೆರಳಿನಿಂದ ಎಳೆದು ಗುಂಡು ಹಾರಿಸುವ ಅದರ ಕುದುರೆಗೆ ಕಟ್ಟಿದ ದಾರ. ದಾರದ ಇನ್ನೊಂದು ತುದಿಗೆ ಮೇಜಿನ ಅಂಚಿನಲ್ಲಿಟ್ಟ ತೂಕದ ಕಲ್ಲು. ಕಲ್ಲು ಜಾರದಂತೆ ಕೆಳಗೆ ಒಂದು ಆನಿಸಿದ ಕೋಲು. ಗಾಡಿ ಬಂದು ಕೋಲಿಗೆ ಗುದ್ದಿತು, ಕಲ್ಲು ಬಿತ್ತು, ದಾರ ಎಳೆಯಿತು. ಅಷ್ಟೇ.

ಗಾಡಿ ಬಿಟ್ಟವರು ಯಾರು?

ಸರ್ಕಲ್ ಸಾಹೇಬರಿಗೆ ಅದು ಪ್ರಶ್ನೆಯೇ ಅಲ್ಲ. ಗಾಡಿ ಕಟ್ಟಿದವಳು ಎಸ್ಟೇಟ್ ಶಾಲೆಯ ಮೇಡಂ ಯಮುನ. ಹಿಂದಿನ ವಾರ ಸೋಮಯ್ಯನವರ ಜೊತೆ ಜಗಳ ಆಡಿದವಳು ಯಮುನ. ಎಲ್ಲರೂ ಗದ್ದೆಬಯಲಿನಲ್ಲಿ ತೆಂಗಿನಕಾಯಿಗೆ ಗುರಿ ಇಡಲು ಸೇರಿದ್ದಾಗ ಅಲ್ಲಿ ಇರದಿದ್ದವಳೂ ಯಮುನ. ಕಿಟಕಿಯ ಸರಳಿನೊಳಗೆ ಕೈ ಹಾಕಿ ಗಾಡಿ ಬಿಟ್ಟು ಓಡಿದಳು. ಮುಗಿಯಿತು.

ಕಲ್ಲೇಶಪ್ಪನಿಗೆ ಮಾತ್ರ ಮುಗಿದಿರಲಿಲ್ಲ. ಅದಕ್ಕೇ ಅವನು ಬೆಳಿಗ್ಗೆ ನೆಲಕ್ಕೆ ಕೂತು, "ನನಗೂ ಕಲಿಸ್ರಿ" ಎಂದಿದ್ದ.

ಕಲಿಯುವುದಕ್ಕೆ ಇದ್ದದ್ದು ಒಂದು ಆಟಿಕೆ. ತೋಟ ಮಾರಿ ಹಡಗು ಹತ್ತಿದ ಹಳೆಯ ದೊರೆ ಬಿಟ್ಟುಹೋದ ಎರಡು ಮರದ ಪೆಟ್ಟಿಗೆಗಳಲ್ಲಿ ತೂತುತೂತಿನ ತಗಡಿನ ಪಟ್ಟಿಗಳಿದ್ದವು, ಬೋಲ್ಟು ನಟ್ಟುಗಳಿದ್ದವು, ಹಲ್ಲುಚಕ್ರ, ಸ್ಪ್ರಿಂಗು ಎಲ್ಲ ಇದ್ದವು. ಕಟ್ಟಿ, ಬಿಚ್ಚಿ, ಮತ್ತೆ ಬೇರೇನೋ ಕಟ್ಟಬಹುದು. ಯಮುನ ಪೆಟ್ಟಿಗೆಗೊಂದರಂತೆ ಎರಡು ಗಾಡಿ ಕಟ್ಟಿ, ಅವುಗಳ ಬೆನ್ನ ಮೇಲೆ ಮರದ ಉರುಳೆ ಕೂರಿಸಿದ್ದಳು. ಉರುಳೆಯ ಸುತ್ತ ಎರಡು ಸಾಲು ತೂತು. ಎಡಸಾಲಿಗೆ ಹಿತ್ತಾಳೆ ಮೊಳೆ ಸಿಕ್ಕಿಸಿದರೆ ಗಾಡಿ ಎಡಕ್ಕೆ ಕಾಲು ಸುತ್ತು ತಿರುಗುತ್ತದೆ. ಬಲಸಾಲಿಗೆ ಸಿಕ್ಕಿಸಿದರೆ ಬಲಕ್ಕೆ. ಮೊಳೆಯಿಲ್ಲದ ತೂತು ಬಂದರೆ ನೇರ. ಕೀ ಕೊಟ್ಟು ಬಿಟ್ಟರೆ ಚಕ್ರದ ಜೊತೆ ಉರುಳೆಯೂ ಮೆಲ್ಲಗೆ ಉರುಳುತ್ತ, ಗಾಡಿ ಒಂದೊಂದೇ ಮೊಳೆಯ ಮಾತು ಕೇಳಿಕೊಂಡು ಹೋಗುತ್ತದೆ. ಅವಳ ಭಾನುವಾರದ ತರಗತಿಯಲ್ಲಿ ಮೊಳೆ ಸಿಕ್ಕಿಸುವುದಕ್ಕೆ ಅಪ್ಪಣೆ ಬರೆಯುವುದು ಎಂದು ಹೆಸರು.

ಮಕ್ಕಳನ್ನು ಬಿಟ್ಟರೆ ಅಪ್ಪಣೆ ಬರೆಯಲು ಕಲಿತ ದೊಡ್ಡವರು ಈ ಎಸ್ಟೇಟಿನಲ್ಲಿ ಮೂವರೇ. ಯಮುನ. ರೈಟರ್ ಕುಟ್ಟಪ್ಪ. ಸೋಮಯ್ಯನವರ ಹೆಂಡತಿ ನೀಲಾವತಿ.

"ಜಗಳ ಯಾತಕ್ಕೆ ಆಯ್ತು?" ಎಂದ ಕಲ್ಲೇಶಪ್ಪ, ಕಿಟಕಿಗೆ ಬೆನ್ನು ಕೊಟ್ಟು.

"ಹೇಳಿದ್ದೇನೆ."

"ಇನ್ನೊಂದ್ಸಲ ಹೇಳ್ರಿ."

"ಪೆಟ್ಟಿಗೆಗಳನ್ನು ಪಾಲಿಬೆಟ್ಟದ ಯಾರೋ ಪ್ಲಾಂಟರ ಮಗನಿಗೆ ಕೊಡ್ತೇನೆ ಅಂದ್ರು. ಕೂಲಿ ಲೈನಿನ ಮಕ್ಕಳು ಈಗಷ್ಟೇ ಎರಡು ತಿರುವು ಬರೆಯಲು ಕಲಿತಿದ್ರು. ನನಗೆ ಸಿಟ್ಟು ಬಂತು. ಕೂಗಿದೆ." ಅವಳು ನೆಲದ ಮೇಲಿದ್ದ ಒಂದು ಮೊಳೆ ಎತ್ತಿಕೊಂಡಳು. "ಮಾರನೇ ದಿನ ಅವರೇ ಬಂದು, ಕೊಡುದಿಲ್ಲ, ಇಲ್ಲೇ ಇರಲಿ ಅಂದ್ರು. ಅದನ್ನು ಯಾರೂ ಕೇಳಿಸಿಕೊಳ್ಲಿಲ್ಲ. ಕೂಗಿದ್ದು ಮಾತ್ರ ಎಲ್ಲರಿಗೂ ಕೇಳಿಸಿತ್ತು."

"ನಂಗೂ ಬೈದಿದ್ರು ಅವರು," ಎಂದ ಕುಟ್ಟಪ್ಪ. "ಎಲ್ಲರ ಎದುರಿಗೇ. ನಿಂಗಿಂತ ಈ ಗಾಡಿ ವಾಸಿ, ಹೇಳಿದಷ್ಟಾದರೂ ಮಾಡ್ತದೆ ಅಂತ. ಹಾಗಂತ ನಾನು ಕೊಂದೆನಾ? ಗುಂಡು ಕೇಳಿದಾಗ ನಾನು ಗದ್ದೆಯಲ್ಲಿ ತೆಂಗಿನಕಾಯಿ ಕಟ್ತಾ ಮರದ ಮೇಲೆ ಇದ್ದೆ. ನೂರು ಜನ ನನ್ನ ಕಾಲೇ ನೋಡ್ತಿದ್ರು."

ಹೌದು. ಅದೇ ತೊಂದರೆ. ಪ್ರತಿವರ್ಷ ಆಯುಧಪೂಜೆ ಮುಗಿದ ಮೇಲೆ ಸೋಮಯ್ಯನವರು ಈ ಕೋಣೆಯಿಂದ ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದ ಮೇಲೆಯೇ ಬಯಲಿನಲ್ಲಿ ಮೊದಲ ಗುಂಡು. ಈ ಸಲ ಗಂಟೆ ಬಾರಿಸಲೇ ಇಲ್ಲ. ಒಂದು ಗುಂಡು ಕೇಳಿತು. ಯಾರೋ ಆತುರಗಾರ ಗಂಟೆಗೂ ಕಾಯದೆ ಹಾರಿಸಿದ ಎಂದು ಬಯಲಿನಲ್ಲಿದ್ದವರು ಮನೆಯ ಕಡೆಯವರನ್ನು ಬೈದರು, ಮನೆಯಲ್ಲಿದ್ದವರು ಬಯಲಿನವರನ್ನು ಬೈದರು. ಕೋವಿ ಇಲ್ಲದ ಮನೆಯೇ ಇಲ್ಲದ ನಾಡಿನಲ್ಲಿ, ಕೋವಿಯ ಹಬ್ಬದ ದಿನ, ಒಂದು ಗುಂಡಿನ ಸದ್ದಿಗೆ ಯಾರು ತಲೆ ಎತ್ತುತ್ತಾರೆ?

ಕಲ್ಲೇಶಪ್ಪ ಸಟ್ಟನೆ ಮೇಜಿನ ಖಾನೆ ಎಳೆದ. ಒಳಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದ ಒಂದು ಗಂಟು. ಕೊಲೆ ಮಾಡಿದ ಗಾಡಿ. ಮುದ್ರೆ ಸರ್ಕಲ್ ಸಾಹೇಬರದು. ಮುಟ್ಟಕೂಡದು ಎಂದು ಬಾಯಿಬಿಟ್ಟು ಹೇಳಿ ಹೋಗಿದ್ದರು.

ಅವನು ಹೆಬ್ಬೆರಳಿನಿಂದ ಅರಗು ಒಡೆದ.

"ಅಯ್ಯೋ ಸಾರ್," ಎಂದ ಕುಟ್ಟಪ್ಪ. ಕಾಲು ಕೆಳಗಿಳಿಯಿತು. "ಕೆಲಸ ಹೋಕು ನಿಮ್ದು."

"ಹೋದ್ರೆ ನಿಮ್ಮ ತೋಟದಾಗೆ ಕಾಫಿ ಪಿಕಿಂಗಿಗೆ ಬರ್ತೀನಿ. ಸುಮ್ನಿರ್ರಿ."

ಬಟ್ಟೆ ಬಿಚ್ಚಿದ. ಬೆಳಿಗ್ಗೆ ಆಗಿದ್ದರೆ ಅವನಿಗೆ ಅದು ಮೊಳೆ ಬಡಿದ ಮರದ ತುಂಡು, ಅಷ್ಟೇ. ಈಗ ಉರುಳೆಯನ್ನು ಬೆರಳಲ್ಲಿ ಹೊರಳಿಸುತ್ತಿದ್ದಂತೆ ಅದು ಮಾತಾಡತೊಡಗಿತು. ನೇರ. ನೇರ. ಇನ್ನೂ ನೇರ. ಇಲ್ಲಿ ಬಲ. ಮತ್ತೆ ಬಲ. ಮತ್ತೆ...

ಅವನ ಬೆರಳು ನಿಂತಿತು.

"ಮೂರು ಸಲ ಬಲಕ್ಕೆ ತಿರುಗಿಸಿದ್ದಾರೆ. ಒಂದೇ ಜಾಗದಲ್ಲಿ."

ಯಮುನ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಮೂರು ಸಲ ಬಲಕ್ಕೆ ತಿರುಗಿದ್ರೂ ಒಂದು ಸಲ ಎಡಕ್ಕೆ ತಿರುಗಿದ್ರೂ ಮುಖ ನಿಲ್ಲೋದು ಒಂದೇ ಕಡೆ. ಒಂದು ಮೊಳೇಲಿ ಆಗೋ ಕೆಲಸಕ್ಕೆ ಮೂರು ಮೊಳೆ ಯಾಕೆ?"

"ಗೊತ್ತಿಲ್ಲದವರು ಬರೆದಿರ್ಬಹುದು," ಎಂದಳು ಅವಳು. ಮಾತು ಸ್ವಲ್ಪ ಬೇಗ ಬಂತು.

ಕಲ್ಲೇಶಪ್ಪ ತನ್ನ ಗಾಡಿಯನ್ನು ಎತ್ತಿ ಕುಟ್ಟಪ್ಪನ ತೊಡೆಯ ಮೇಲಿಟ್ಟ. "ರೈಟರೇ, ಇದನ್ನ ಕಿಟಕಿ ಕಡೆಯಿಂದ ಹೊರಡಿಸಿ ಮೇಜಿನ ಕಾಲಿನ ಹತ್ರ ಎಡಕ್ಕೆ ಹೊರಳಿಸ್ರಿ."

"ನನ್ನ ಮೇಲೆ ಅನುಮಾನವಾ?"

"ಎಲ್ರ ಮೇಲೂ. ಬರೀರಿ."

ಕುಟ್ಟಪ್ಪ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ, ಮೂಗಿನಲ್ಲಿ ಗೊಣಗುತ್ತ, ಎಡಸಾಲಿಗೆ ಒಂದೇ ಒಂದು ಮೊಳೆ ಸಿಕ್ಕಿಸಿದ. ಗಾಡಿ ಹೊರಟಿತು. ಮೇಜಿನ ಕಾಲಿನ ಹತ್ತಿರ ಎಡಕ್ಕೆ ಹೊರಳಿತು. ಲೆಕ್ಕದವನ ಕೈ, ಒಂದು ಮೊಳೆಯೂ ದಂಡ ಇಲ್ಲ.

ಯಮುನಳಿಂದ ಬರೆಸುವ ಅಗತ್ಯವೇ ಇರಲಿಲ್ಲ. ಬೆಳಿಗ್ಗೆಯಿಂದ ಅವಳು ಹತ್ತಾರು ಸಲ ಎಡಕ್ಕೆ ತಿರುಗಿಸಿದ್ದನ್ನು ಅವನೇ ನೋಡಿದ್ದ.

"ನಿಮಗೆ ಗೊತ್ತು," ಎಂದ ಅವನು ಅವಳ ಕಡೆ ತಿರುಗಿ. "ಈ ಅಪ್ಪಣೆ ಯಾರ ಕೈಯದು ಅಂತ ಮೊದಲ ದಿನವೇ ಗೊತ್ತಿತ್ತು ನಿಮಗೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಅವರು ಕೊಂದವರಲ್ಲ ಸಾರ್."

"ಯಾರು?"

ಅವಳು ತಲೆ ತಗ್ಗಿಸಿದಳು.

"ಎಂಥ ಹುಡುಗಿ ನೀನು!" ಕುಟ್ಟಪ್ಪನ ದನಿ ಏರಿತು. "ಜೀಪು ಬರಿಕೆ ಹೊರಟುಟು. ಜೈಲಿಗೆ ಹೋಕು ಅಂತ ಆಸೆಯಾ ನಿಂಗೆ?"

ಕಲ್ಲೇಶಪ್ಪ ಜಗಲಿಯ ಕಡೆ ಮುಖ ಹಾಕಿ ಕೂಗಿದ. "ಸಣ್ಣಸ್ವಾಮಿ! ಅಮ್ಮಾವ್ರನ್ನ ಕರಿ!"

ಕುಶಾಲನಗರದ ಕಡೆಯ ಕಾನ್‌ಸ್ಟೇಬಲ್ ಸಣ್ಣಸ್ವಾಮಿ ಹೋಗಿ ಬರುವಷ್ಟರಲ್ಲಿ ಕಲ್ಲೇಶಪ್ಪ ಮತ್ತೊಂದು ಕೆಲಸ ಮಾಡಿದ. ಉರುಳೆಯ ಒಂದು ತೂತಿಗೆ ಗಾಡಿ ಒಂದು ಗೇಣು ಸಾಗುತ್ತದೆ ಎಂದು ಬೆಳಿಗ್ಗೆ ಕಲಿತಿದ್ದ. ಗಾಡಿ ಬಂದು ಮುಟ್ಟಿದ ಜಾಗ ಗೊತ್ತು. ಕೋಲು ಆನಿಸಿದ್ದ ಜಾಗ. ಹೊರಟ ಜಾಗ ಯಾವುದು? ಅವನು ಅಪ್ಪಣೆಯನ್ನು ಹಿಂದುಮುಂದಾಗಿ ಓದುತ್ತ, ಕೋಲಿನ ಗುರುತಿನಿಂದ ಹಿಂದಕ್ಕೆ, ಮಕ್ಕಳ ಬಳಪದಲ್ಲಿ ಗೆರೆ ಎಳೆಯುತ್ತ, ಗೇಣು ಹಾಕುತ್ತ ನೆಲದ ಮೇಲೆ ತೆವಳಿದ. ಗೆರೆ ಕೋಣೆಯ ನಡುವಿನವರೆಗೆ ಬಂತು. ಅಲ್ಲಿ ಹೊರಳಿತು. ಕಿಟಕಿಯ ಕಡೆ ಹೋಗಲಿಲ್ಲ. ಕಿಟಕಿಗೆ ಬೆನ್ನು ತಿರುಗಿಸಿ ಹೋಯಿತು. ಹೋಗಿ ಹೋಗಿ ಒಂದು ಕುರ್ಚಿಯ ಕಾಲಿನ ಹತ್ತಿರ ನಿಂತಿತು.

ಸೋಮಯ್ಯನವರ ಕುರ್ಚಿ.

ಕಿಟಕಿಯಿಂದ ಅಲ್ಲಿಗೆ ಯಾವ ಕೈಯೂ ಎಟುಕುವಂತಿರಲಿಲ್ಲ. ಅಗುಳಿ ಹಾಕಿದ ಕೋಣೆಯಲ್ಲಿ, ಆ ಕುರ್ಚಿಯ ಪಕ್ಕದಲ್ಲಿ, ಗಾಡಿಗೆ ಕೀ ಕೊಟ್ಟು ನೆಲಕ್ಕೆ ಬಿಡಬಲ್ಲವರು ಒಬ್ಬರೇ ಇದ್ದರು.

ತಾನೇ ಕೀ ಕೊಟ್ಟು, ತಾನೇ ಬಿಟ್ಟು, ಅದು ಹೋಗುವುದನ್ನೇ ನೋಡುತ್ತ ಕೂತಿದ್ದರು ಆ ಮನುಷ್ಯ.

ಬಾಗಿಲಲ್ಲಿ ನೀಲಾವತಿ ನಿಂತಿದ್ದರು. ನಲವತ್ತರ ಹೆಂಗಸು; ಅತ್ತು ಅತ್ತು ಮುಖ ಒಣಗಿತ್ತು. ಅವರ ಕಾಲಿನ ಸಂದಿಯಿಂದ ಬೂದುಬಣ್ಣದ ಬೆಕ್ಕೊಂದು ಒಳಗೆ ನುಸುಳಿ, ಎದುರುಗೋಡೆಯ ಮುಚ್ಚಿದ ಬಾಗಿಲ ಕಡೆ ಹೋಯಿತು. ಆ ಬಾಗಿಲ ಆಚೆ ಏಲಕ್ಕಿ ಮೂಟೆಗಳ ಕೋಣೆ. ಇಲಿ ಹಿಡಿಯಲೆಂದು ಬಾಗಿಲ ಬುಡದಲ್ಲಿ ಬೆಕ್ಕು ಓಡಾಡುವಷ್ಟು ಕಂಡಿ ಕೊರೆದಿದ್ದರು. ಕೊಲೆಯಾದ ದಿನ ಆ ಕೋಣೆಗೆ ಬೀಗ ಬಿದ್ದಿತ್ತು. ಈಗ ಬೀಗದ ಮೇಲೆ ಕಲ್ಲೇಶಪ್ಪನ ಸೀಲೂ ಇತ್ತು.

ಬೆಕ್ಕು ಕಂಡಿಯವರೆಗೆ ಹೋಗಿ ನಿಂತಿತು. ಒಳಗೆ ಹೋಗಲಿಲ್ಲ.

"ಬೆಕ್ಕಿಗೂ ಪೊಲೀಸ್ ಸೀಲಿನ ಹೆದರಿಕೆ," ಎಂದ ಕುಟ್ಟಪ್ಪ. ಯಾರೂ ನಗಲಿಲ್ಲ.

ಕಲ್ಲೇಶಪ್ಪ ಗಾಡಿಯನ್ನು ನೀಲಾವತಿಯವರ ಮುಂದೆ ಹಿಡಿದ. "ಅಮ್ಮಾ, ಇದನ್ನ ಎಡಕ್ಕೆ ತಿರುಗಿಸೋಕೆ ಎಷ್ಟು ಮೊಳೆ ಬೇಕು?"

ಅವರು ಗಾಡಿಯನ್ನು ನೋಡಿದರು. ಆಮೇಲೆ ಯಮುನಳನ್ನು ನೋಡಿದರು. ಯಮುನ ತಲೆಯಾಡಿಸಿದಳು, ಬೇಡ ಎನ್ನುವಂತೆ.

"ಮೂರು," ಎಂದರು ನೀಲಾವತಿ.

"ಒಂದರಲ್ಲಿ ಆಗೋದಿಲ್ವಾ?"

"ಆಗ್ತದೆ. ನಾನು ಮಾಡುದಿಲ್ಲ." ಅವರ ದನಿ ಕಾಗದದ ಹಾಗೆ ತೆಳ್ಳಗಿತ್ತು. "ಮೊದಲ ಭಾನುವಾರ ಇವಳು ಗಾಡಿಯನ್ನು ಕಾಲುದೀಪದ ಸುತ್ತ ಓಡಿಸಿದಳು. ಎಡಕ್ಕೆ. ದೀಪಕ್ಕೆ ಅಪ್ರದಕ್ಷಿಣೆ. ಸಾವಿನ ಮನೆಯಲ್ಲಿ ಹಾಗೆ ಸುತ್ತುದು. ಅವತ್ತೇ ಹೇಳಿದೆ, ನನ್ನ ಗಾಡಿ ಎಡಕ್ಕೆ ತಿರುಗಿಕೆ ಇಲ್ಲೆ ಅಂತ. ಎಷ್ಟು ಸುತ್ತಾದರೂ ಸರಿ, ಬಲಕ್ಕೇ."

"ಅಂದರೆ ನಿಮ್ಮ ಯಜಮಾನ್ರನ್ನ ಕೊಂದ ಈ ಅಪ್ಪಣೆ..."

"ನಾನು ಬರೆದದ್ದು."

ಕುಟ್ಟಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. ಯಮುನ ಕಣ್ಣು ಮುಚ್ಚಿದಳು.

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?" ಕಲ್ಲೇಶಪ್ಪ ಗದರಿದ. ಅವನ ಕಾಲು ಮತ್ತೆ ನಡೆಯತೊಡಗಿತ್ತು. "ಈ ಹುಡುಗಿಯನ್ನ ಎಳ್ಕೊಂಡು ಹೋಗ್ತಾರೆ ಅಂತ ಗೊತ್ತಿದ್ದೂ?"

"ಅವಳನ್ನು ಹಿಡಿತಾರೆ ಅಂತ ನಂಗೆ ಈಗ ನಿಮ್ಮ ಪೇದೆ ಹೇಳಿದ್ದು. ನಾನು ಒಳಗಿಂದ ಹೊರಗೆ ಬಂದದ್ದೇ ಇವತ್ತು." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಎಂಥ ಹೇಳುದು ಸಾರ್? ನಾನು ಬರೆದದ್ದು ಗಂಟೆಗೆ. ಕೋವಿಗಲ್ಲ."

ಕಲ್ಲೇಶಪ್ಪನ ಕಾಲು ನಿಂತಿತು.

"ಪ್ರತಿವರ್ಷ ಅವರೇ ದಾರ ಎಳೆದು ಗಂಟೆ ಬಾರಿಸುದು. ಈ ವರ್ಷ ಗಾಡಿ ಬಾರಿಸಲಿ ಅಂದ್ರು. ಕೂಸಿನ ಹಾಗೆ ಆಗಿದ್ರು. ಎಲ್ಲರೂ ಬಯಲಿಗೆ ಹೋದ ಮೇಲೆ ಅಗುಳಿ ಹಾಕಿಕೊಂಡು ನಾನೇ ಕೀ ಕೊಡ್ತೇನೆ, ಗಂಟೆ ಆದಮೇಲೆ ಬಾಗಿಲು ತೆಗೆದು, ಯಾರೂ ಬಾರಿಸಿಲ್ಲ, ನನ್ನ ಕೈ ನೋಡಿ ಅಂತ ಯಮುನಳಿಗೆ ತೋರಿಸ್ತೇನೆ ಅಂದ್ರು. ಜಗಳ ಆಡಿದ್ದಕ್ಕೆ ಅವರಿಗೆ ಬೇಜಾರಿತ್ತು. ಅದಕ್ಕೇ ಈ ಆಟ." ನೀಲಾವತಿ ಕೋಲಿನ ಗುರುತಿನ ಕಡೆ ಕೈ ತೋರಿಸಿದರು. "ಗಾಡಿ ಹೋಗಿ ಕೋಲಿಗೆ ಗುದ್ದುದು. ಕಲ್ಲು ಬೀಳುದು. ದಾರ ಎಳೆದು ಗಂಟೆ ಬಾರಿಸುದು. ನಡುವೆ ದೀಪ ಇಟ್ಟಿತ್ತ್. ದೀಪದ ಹತ್ತಿರ ಎಡಕ್ಕೆ ತಿರುಗಿಕೆ ಬೇಕಿತ್ತು. ನಾನು ಬಲಕ್ಕೆ ಮೂರು ಸಲ ತಿರುಗಿಸಿದೆ. ಅಷ್ಟೇ. ಅಷ್ಟೇ ಬರೆದದ್ದು. ಹೊರಗೆ ಜಗಲಿಯಲ್ಲಿ ಗಂಟೆ ಕೇಳಿಕೆ ಅಂತ ನಿಂತಿದ್ದೆ ನಾನು."

ಯಮುನ ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು.

ಕಲ್ಲೇಶಪ್ಪ ತಲೆಯೆತ್ತಿ ನೋಡಿದ. ತೊಲೆಗೆ ಗಂಟೆ ಹಾಗೇ ತೂಗುತ್ತಿತ್ತು. ಅದಕ್ಕೆ ದಾರ ಇರಲಿಲ್ಲ. ಈ ಕೋಣೆಗೆ ಎಷ್ಟು ಸಲ ಬಂದಿದ್ದ! ಗಂಟೆಗೆ ದಾರ ಯಾಕಿಲ್ಲ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಯಾರೋ ಗಂಟೆಯಿಂದ ದಾರ ಬಿಚ್ಚಿ ಕೋವಿಯ ಕುದುರೆಗೆ ಕಟ್ಟಿದ್ದರು. ಅಷ್ಟೇ. ಗಾಡಿಗೇನು ಗೊತ್ತು? ಅದಕ್ಕೆ ಕೋಲಿನವರೆಗೆ ಮಾತ್ರ ಅಪ್ಪಣೆ. ದಾರದ ಆ ತುದಿಯಲ್ಲಿ ಹಬ್ಬವಿದೆಯೋ ಸಾವಿದೆಯೋ ಅದು ಕೇಳುವುದಿಲ್ಲ.

"ಈ ಆಟ ಯಾರಿಗೆಲ್ಲ ಗೊತ್ತಿತ್ತು?"

"ನಂಗೆ, ಅವರಿಗೆ. ಇನ್ನು ಯಾರಿಗೂ ಇಲ್ಲೆ."

"ಕೋವಿ ಯಾರದು?"

"ಮನೆಯದ್ದೇ. ನಡುಮನೆ ಗೋಡೆಯದ್ದು. ಪೂಜೆ ಆದ ಕೂಡಲೇ ಎಲ್ಲಾ ಕೋವಿಯ ಮೂತಿಗೂ ನಾನೇ ಕೋವಿಹೂ ಸಿಕ್ಕಿಸಿದೆ. ಅದಕ್ಕೂ ಸಿಕ್ಕಿಸಿದ್ದೆ."

ಕೋವಿಹೂ. ಕೆಂಪು ಹಳದಿ ನಾಲಗೆಗಳ ಆ ಹೂವನ್ನು ಕಲ್ಲೇಶಪ್ಪ ಈ ವರ್ಷವೇ ಮೊದಲ ಸಲ ನೋಡಿದ್ದು. ಅರಸೀಕೆರೆ ಕಡೆಯ ಅವನಿಗೆ, ಮೈಸೂರು ರಾಜ್ಯಕ್ಕೆ ಕೊಡಗು ಸೇರಿದ ಮೇಲೆ, ಇಲ್ಲಿಗೆ ವರ್ಗವಾಗಿತ್ತು. ಹೆಣದ ಕೋಟಿನ ಮೇಲೆ, ಕುರ್ಚಿಯ ಬೆನ್ನ ಮೇಲೆ ಸುಟ್ಟ ಎಸಳಿನ ಚೂರುಗಳನ್ನು ಅವನೇ ಆರಿಸಿದ್ದ. ಪೂಜೆಯ ಹೂವು ಎಂದುಕೊಂಡು ಒಂದು ಪೊಟ್ಟಣದಲ್ಲಿ ಹಾಕಿ ಮರೆತಿದ್ದ.

"ಹೂವು ಸಮೇತ ಹಾರಿತು ಗುಂಡು," ಎಂದ ಮೆಲ್ಲಗೆ.

ಕುಟ್ಟಪ್ಪನ ಬಾಯಿ ತೆರೆದುಕೊಂಡಿತು. "ಹೂ ತೆಗಿಯದೆ?"

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ! ಹೂ ಇಟ್ಟ ಕೋವಿ ಅಂದ್ರೆ ದೇವರು ಸಾರ್. ಮೊದಲು ಹೂ ತೆಗೆದು ಕಣ್ಣಿಗೆ ಒತ್ತಿ ಕಿವಿಗೆ ಸಿಕ್ಕಿಸಿಕೊಂಬುದು, ಆಮೇಲೆ ಕೋವಿ ಎತ್ತುದು. ಕಳ್ಳನಾದರೂ ಅಷ್ಟು ಮಾಡಿಯೇ ಮಾಡ್ತಾನೆ. ಕೈ ತಾನಾಗೇ ಹೋಗ್ತದೆ. ನಮ್ಮ ಕಡೆಯವ ಯಾವನೂ..." ಅವನು ತಡೆದು ಕಲ್ಲೇಶಪ್ಪನನ್ನೇ ನೋಡಿದ. "ನಿಮ್ಮಂಥವರು ಬಿಟ್ಟರೆ."

ಕುಟ್ಟಪ್ಪ ಚುಚ್ಚಲೆಂದೇ ಆಡಿದ ಮಾತು ಅದು. ಚುಚ್ಚಿತು. ಆದರೆ ಕಲ್ಲೇಶಪ್ಪನಿಗೆ ಸಿಟ್ಟು ಬರಲಿಲ್ಲ. ನಿಜ. ಆ ಕೋವಿ ತನ್ನ ಕೈಗೆ ಸಿಕ್ಕಿದ್ದರೆ ತಾನೂ ಹೂವನ್ನು ಹಾಗೇ ಬಿಡುತ್ತಿದ್ದ. ದಾರದ ಗಂಟು ನೋಡುತ್ತಿದ್ದ, ಗುರಿ ನೋಡುತ್ತಿದ್ದ, ಹೂವು ಕಣ್ಣಿಗೇ ಬೀಳುತ್ತಿರಲಿಲ್ಲ.

ಈ ಮೂವರೂ ಈ ನಾಡಿನಲ್ಲೇ ಹುಟ್ಟಿ ಬೆಳೆದವರು. ಕೊಂದವನು ಇವರಲ್ಲಿ ಇಲ್ಲ. ಕೊಂದವನು ತನ್ನ ಹಾಗೆ ಹೊರಗಿನಿಂದ ಬಂದವನು.

ಹೊರಗೆ, ಎಷ್ಟೋ ತಿರುವುಗಳ ಕೆಳಗೆ, ಕಾಫಿ ಗಿಡಗಳ ನಡುವಿನಿಂದ ಒಂದು ಹಾರನ್ ಕೇಳಿಸಿತು.

"ಜೀಪು ಬತ್ತಾ ಅದೆ ಸಾ!" ಅಂಗಳದಿಂದ ಸಣ್ಣಸ್ವಾಮಿಯ ಕೂಗು.

ಯಮುನ ನೀಲಾವತಿಯವರ ಕೈ ಬಿಟ್ಟಳು. ಮೂಲೆಯಲ್ಲಿದ್ದ ತನ್ನ ಬಟ್ಟೆಯ ಚೀಲ ಎತ್ತಿಕೊಂಡಳು. ಬೆಳಿಗ್ಗೆಯೇ ಕಟ್ಟಿಟ್ಟುಕೊಂಡು ಬಂದಿದ್ದಳು ಎಂಬುದು ಅವನಿಗೆ ಆಗಲೇ ಗೊತ್ತಾದದ್ದು.

"ಇಡ್ರಿ ಕೆಳಗೆ," ಎಂದ.

"ನೀವು ಹೇಳಿದ್ರೆ ಅವರು ಕೇಳ್ತಾರಾ? ಹೂವು, ಗೇಣಿನ ಲೆಕ್ಕ..."

ಕೇಳುವುದಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುದ್ರೆ ಒಡೆದದ್ದನ್ನು ನೋಡುತ್ತಾರೆ, ಅಷ್ಟೇ. ಇವಳ ಜೊತೆಗೆ ನೀಲಾವತಿಯವರನ್ನೂ ಹತ್ತಿಸಿಕೊಂಡು ಹೋಗುತ್ತಾರೆ. ತನ್ನ ಕೈಯಲ್ಲಿ ಇನ್ನೂ ಏನಾದರೂ ಬೇಕು. ಮುಟ್ಟಿ ತೋರಿಸುವಂಥದು.

ಅವನು ಉರುಳೆಯನ್ನು ಮತ್ತೆ ಹೊರಳಿಸಿದ. ಕೋಲಿನವರೆಗೆ ಅಪ್ಪಣೆ. ಆಮೇಲೆ ಖಾಲಿ ತೂತು. ಖಾಲಿ. ಖಾಲಿ.

ಮೊಳೆ.

ಎಡಸಾಲಿನಲ್ಲಿ.

ಇನ್ನೂ ಸ್ವಲ್ಪ ಹೊರಳಿಸಿದ. ಇನ್ನೊಂದು ಮೊಳೆ. ಅದೂ ಎಡಸಾಲಿನಲ್ಲಿ.

"ಅಮ್ಮಾ," ಎಂದ. "ಕೋಲಿಗೆ ಗುದ್ದಿದ ಮೇಲೆ ಗಾಡಿ ಎಲ್ಲಿಗೆ ಹೋಗ್ಬೇಕಿತ್ತು?"

"ಎಲ್ಲಿಗೂ ಇಲ್ಲೆ. ಗಂಟೆ ಆದ ಮೇಲೆ ಅದಕ್ಕೆ ಕೆಲಸ ಏನುಟ್ಟು?"

"ಹಾಗಾದ್ರೆ ಈ ಎರಡು ಮೊಳೆ?"

ನೀಲಾವತಿ ಬಗ್ಗಿ ನೋಡಿದರು. ಕೂಡಲೇ ಹಿಂದೆ ಸರಿದರು. "ಎಡಸಾಲು! ನಾನಲ್ಲ. ನಾನು ಮುಟ್ಟುದೇ ಇಲ್ಲ ಅದನ್ನು."

ಯಮುನಳೂ ಬಗ್ಗಿದಳು. ಅವಳ ತುಟಿ ತಾನಾಗಿ ಲೆಕ್ಕ ಹಾಕಿತು. "ಮುಂದೆ, ಎಡ, ಮುಂದೆ, ಎಡ, ಮುಂದೆ... ಯಾರೋ ಸೇರಿಸಿದ್ದಾರೆ ಸಾರ್. ಗುಂಡು ಹಾರಿದ ಮೇಲೆ ಗಾಡಿ ಬೇರೆಲ್ಲಿಗೋ ಹೋಗ್ಲಿ ಅಂತ."

"ಹೋಗ್ಲಿಲ್ಲ ಅದು," ಎಂದ ಕಲ್ಲೇಶಪ್ಪ. "ಸೋಮಯ್ಯನವರು ಕುರ್ಚಿಯಿಂದ ಮುಂದಕ್ಕೆ ಬಿದ್ರು. ಗಾಡಿ ಅವರ ಬೂಟಿಗೆ ಮೂತಿ ಒತ್ತಿಕೊಂಡು ನಿಂತಿತ್ತು, ನಾನೇ ನೋಡಿದ್ದು. ಬೂಟು ಅಡ್ಡ ಬಂತು. ಇಲ್ದಿದ್ರೆ..."

ಇಲ್ಲದಿದ್ದರೆ ಎಲ್ಲಿಗೆ?

ಹಾರನ್ ಮತ್ತೆ ಕೇಳಿಸಿತು. ಈ ಸಲ ಹತ್ತಿರ.

ಅವನು ಕುಟ್ಟಪ್ಪನಿಗೆ ಕೋಲು ಆನಿಸಲು ಹೇಳಿದ. ಗಾಡಿಗೆ ತಾನೇ ಕೀ ಕೊಟ್ಟ, ಸ್ಪ್ರಿಂಗು ಇನ್ನು ಆಗದು ಎನ್ನುವವರೆಗೆ. ಸತ್ತವರ ಕುರ್ಚಿಯ ಕಾಲಿನ ಹತ್ತಿರ, ಬಳಪದ ಗುರುತಿನ ಮೇಲಿಟ್ಟು ಕೈ ಬಿಟ್ಟ.

ಗಾಡಿ ಹೊರಟಿತು. ಕೋಣೆಯ ನಡುವೆ, ಈಗ ಅಲ್ಲಿಲ್ಲದ ದೀಪದ ಮುಂದೆ, ನಿಂತಲ್ಲೇ ಬಲಕ್ಕೆ ತಿರುಗಿತು. ಮತ್ತೆ ಬಲಕ್ಕೆ. ಮತ್ತೆ. ನೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಾಡಿ ನೇರವಾಗಿ ಹೋಗಿ ಕೋಲಿಗೆ ಗುದ್ದಿತು. ಕೋಲು ಟಪ್ಪೆಂದು ಬಿತ್ತು.

ಗಾಡಿ ನಿಲ್ಲಲಿಲ್ಲ. ಬಿದ್ದ ಕೋಲಿನ ಪಕ್ಕದಲ್ಲೇ ಮುಂದೆ ಹೋಯಿತು. ಎಡಕ್ಕೆ ಹೊರಳಿತು. ಬೂಟು ಅಡ್ಡ ಇದ್ದ ಜಾಗವನ್ನು ದಾಟಿತು. ಮತ್ತೆ ಎಡಕ್ಕೆ ಹೊರಳಿತು. ಈಗ ಅದರ ಮೂತಿ ಇದ್ದದ್ದು ಎದುರುಗೋಡೆಯ ಮುಚ್ಚಿದ ಬಾಗಿಲ ಕಡೆಗೆ.

ಬೆಕ್ಕು ಬೆನ್ನು ಕಮಾನು ಮಾಡಿಕೊಂಡು ಪಕ್ಕಕ್ಕೆ ಹಾರಿತು.

ಗಾಡಿ ಬಾಗಿಲ ಬುಡದ ಕಂಡಿಯೊಳಗೆ ನುಗ್ಗಿ ಏಲಕ್ಕಿ ಕೋಣೆಗೆ ಹೋಗಿಬಿಟ್ಟಿತು. ಒಂದು ಎಳೆಯಷ್ಟೂ ಆಚೀಚೆ ಸರಿಯದೆ.

"ಅಲ್ಲಿ ಇದ್ದ," ಎಂದು ಪಿಸುಗುಟ್ಟಿದ ಕಲ್ಲೇಶಪ್ಪ. "ಅವತ್ತು ಕೊಂದವನು ಬಯಲಿನಾಗೂ ಇರ್ಲಿಲ್ಲ, ಜಗಲಿಯಾಗೂ ಇರ್ಲಿಲ್ಲ. ಆ ಕೋಣೆಯಾಗೆ ಕೂತಿದ್ದ. ಗುಂಡು ಹಾರಿಸಿ ಗಾಡಿ ತನ್ನ ಹತ್ರಕ್ಕೇ ಬರ್ಲಿ ಅಂತ."

ಬಾಗಿಲ ಆಚೆ ಹಲಗೆಯ ಮೇಲೆ ಚಕ್ರಗಳು ಗಡಗಡ ಉರುಳುವ ಸದ್ದು ದೂರವಾಗುತ್ತಿತ್ತು.

ಥಟ್ಟನೆ ಆ ಗಡಗಡ ನಿಂತಿತು.

ಸ್ಪ್ರಿಂಗು ಮುಗಿದಿರಲಿಲ್ಲ. ಹಲ್ಲುಚಕ್ರ ಇನ್ನೂ ಗಿರ್ರನೆ ಓಡುತ್ತಿತ್ತು, ಹಗುರಾಗಿ, ವೇಗವಾಗಿ, ಯಾವ ತಡೆಯೂ ಇಲ್ಲದೆ. ಬೆಳಿಗ್ಗೆಯಿಂದ ಕಲ್ಲೇಶಪ್ಪ ಆ ಸದ್ದನ್ನು ಎಷ್ಟು ಸಲ ಕೇಳಿದ್ದ! ಗೋಡೆಗೆ ಗುದ್ದಿದ ಗಾಡಿಯನ್ನು ತಾನು ನೆಲದಿಂದ ಎತ್ತಿಕೊಂಡಾಗಲೆಲ್ಲ ಬರುವ ಸದ್ದು ಅದು.

ಅವನು ಸುತ್ತ ನೋಡಿದ. ಯಮುನ ಇದ್ದಳು. ನೀಲಾವತಿ ಇದ್ದರು. ಕುಟ್ಟಪ್ಪ ಇದ್ದ.

"ಸಣ್ಣಸ್ವಾಮಿ!"

"ಸಾ!" ಉತ್ತರ ಬಂದದ್ದು ಅಂಗಳದ ಆ ತುದಿಯಿಂದ, ಜೀಪು ಬರುವ ದಾರಿಯ ಕಡೆಯಿಂದ.

ಕಲ್ಲೇಶಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು. ಏಲಕ್ಕಿ ಕೋಣೆಯ ಬೀಗದ ಕೈ ತಣ್ಣಗೆ ಅಲ್ಲೇ ಇತ್ತು.

ಬಾಗಿಲ ಆಚೆ, ಯಾರೋ ಒಂದು ಬೆರಳಿಟ್ಟು ಚಕ್ರವನ್ನು ನಿಲ್ಲಿಸಿದರು.